ಸ್ತನ ಕ್ಯಾನ್ಸರ್: ಚಿಕ್ಕ ವಯಸ್ಸಿನವರ ಮೇಲೆ ಖರ್ಚಿನ ಹೊರೆ ಬೆಳೆದದ್ದು ಹೇಗೆ?

ಸ್ತನ ಕ್ಯಾನ್ಸರ್‌ಗೆ ಹಿಂದೆ ಆಪರೇಷನ್ ಒಂದೇ ದಾರಿಯಾಗಿತ್ತು. 19ನೇ ಶತಮಾನದ ಕೊನೆಗೆ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ತೆಗೆಯುವ ಪದ್ಧತಿ ರೂಢಿಗೆ ತಂದರು. ದೇಹಕ್ಕೆ ಅದು ಕ್ರೂರವಾಗಿತ್ತು. ಆದರೆ ಖರ್ಚು ಹೆಚ್ಚಾಗಿ ಒಂದೇ ಸಲದ್ದು.

ಆಮೇಲೆ ರೇಡಿಯೇಷನ್, ಕೀಮೋ ಸೇರಿಕೊಂಡವು. 1977ರಲ್ಲಿ ಅಮೆರಿಕದಲ್ಲಿ ಹಾರ್ಮೋನ್‌ನಿಂದ ಕ್ಯಾನ್ಸರ್ ಬೆಳೆಯುವುದನ್ನು ತಡೆಯುವ ಟ್ಯಾಮೊಕ್ಸಿಫೆನ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. 1998ರಲ್ಲಿ HER2 ಎಂಬ ಪ್ರೋಟೀನ್ ಹೆಚ್ಚಿರುವ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಔಷಧಿ ಬಂತು. ಇದನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಕೊಡುತ್ತಾರೆ. ಬೆಲೆ ಎಷ್ಟಿತ್ತೆಂದರೆ, 2006ರಲ್ಲಿ ಬ್ರಿಟನ್‌ನಲ್ಲಿ ಮಹಿಳೆಯೊಬ್ಬರು ಈ ಔಷಧಿ ಪಡೆಯಲು ಕೋರ್ಟಿಗೆ ಹೋಗಿ ಗೆಲ್ಲಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2015ರಲ್ಲಿ. ಪೇಟೆಂಟ್ ಮುಗಿದ ಮೇಲೆ ಬಂದ ಬಯೋಸಿಮಿಲರ್‌ಗಳು (ಬೇರೆ ಕಂಪನಿಗಳು ಮಾಡುವ, ಮೂಲ ಔಷಧಿಯನ್ನು ಬಹುಪಾಲು ಹೋಲುವ ಔಷಧಿಗಳು) ಬೆಲೆ ಇಳಿಸಿವೆ, ನಿಜ. ಆದರೂ ಬಹಳ ಜನರಿಗೆ ಅದು ಇನ್ನೂ ಕೈಗೆಟಕುತ್ತಿಲ್ಲ.

ಜೀವ ಉಳಿಸುವ ದಾರಿಗಳು ಹೆಚ್ಚಿದವು, ಜೊತೆಗೆ ಬಿಲ್ ವರ್ಷಗಟ್ಟಲೆ ಉದ್ದವಾಯಿತು. ನಲವತ್ತರ ಒಳಗಿನವರಿಗೆ ಇದರ ಪೆಟ್ಟು ಜಾಸ್ತಿ. ಆ ವಯಸ್ಸಿಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ತಪಾಸಣೆ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ರೋಗ ಗೊತ್ತಾಗುವುದು ತಡ. ಬೇಗ ಹರಡುವ ಬಗೆಯ ಕ್ಯಾನ್ಸರ್ ಕೂಡ ಇವರಲ್ಲೇ ಹೆಚ್ಚು. ಅದಕ್ಕೇ ಕೀಮೋ ಬೇಕಾಗುವುದೂ ಹೆಚ್ಚು. ಹಾರ್ಮೋನ್‌ನಿಂದ ಬೆಳೆಯುವ ಬಗೆಯದಾದರೆ ಐದರಿಂದ ಹತ್ತು ವರ್ಷ ಮಾತ್ರೆ. ಕೆಲವರಿಗೆ ಅಂಡಾಶಯದ ಕೆಲಸವನ್ನು ತಡೆದಿಡುವ ಇಂಜೆಕ್ಷನ್ ತಿಂಗಳು ತಿಂಗಳೂ ಬೇಕು. ಇದೆಲ್ಲ ನಡೆಯುವಾಗ ಕೆಲಸ ಈಗಷ್ಟೇ ಕೈಹಿಡಿದಿರುತ್ತದೆ, ಉಳಿತಾಯ ಕಡಿಮೆ, ಮಕ್ಕಳು ಚಿಕ್ಕವು. ಸಂಬಳವಿಲ್ಲದ ರಜೆ, ಪ್ರಯಾಣ, ಮಕ್ಕಳನ್ನು ನೋಡಿಕೊಳ್ಳುವವರ ಖರ್ಚು ಯಾವ ಆಸ್ಪತ್ರೆ ಬಿಲ್‌ನಲ್ಲೂ ಕಾಣುವುದಿಲ್ಲ ಅಲ್ವಾ?

ನನಗೆ ಎಲ್ಲಕ್ಕಿಂತ ಅನ್ಯಾಯ ಅನ್ನಿಸುವುದು ಅಂಡಾಣು ಉಳಿಸಿಕೊಳ್ಳುವ ವಿಷಯ. ಕೀಮೋದಿಂದ ಅಂಡಾಶಯಕ್ಕೆ ಹಾನಿಯಾಗಬಹುದು. ಮುಂದೆ ಮಗು ಬೇಕೆನ್ನುವವರು ಕೀಮೋ ಶುರುವಾಗುವ ಮೊದಲೇ, ಕೆಲವೇ ವಾರಗಳಲ್ಲಿ, ಅಂಡಾಣು ಅಥವಾ ಭ್ರೂಣವನ್ನು ಫ್ರೀಜ್ ಮಾಡಿಸಬೇಕು. ಹಣವನ್ನೂ ಅಷ್ಟರಲ್ಲೇ ಹೊಂದಿಸಬೇಕು. ಹಾನಿ ಮಾಡುವುದು ಚಿಕಿತ್ಸೆಯೇ. ಆದರೂ ಎಷ್ಟೋ ವಿಮೆಗಳು ಈ ಫ್ರೀಜ್ ಮಾಡಿಸುವುದನ್ನು ಚಿಕಿತ್ಸೆಯ ಭಾಗವೆಂದು ಒಪ್ಪುವುದಿಲ್ಲ.

ಗುಣವಾದ ಮೇಲೂ ಸಾಲ, ವಿಮೆ ಕೇಳಲು ಹೋದರೆ ಹಳೆಯ ರೋಗ ಅಡ್ಡ ಬರುತ್ತದೆ. ಫ್ರಾನ್ಸ್ 2016ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಚಿಕಿತ್ಸೆ ಮುಗಿದು ಇಷ್ಟು ವರ್ಷವಾದರೆ, ಮನೆ ಸಾಲದಂಥ ಸಾಲಗಳ ವಿಮೆಗೆ ಹಳೆಯ ಕ್ಯಾನ್ಸರ್ ವಿಷಯ ಹೇಳಬೇಕಿಲ್ಲ. 2022ರಲ್ಲಿ ಆ ಅವಧಿಯನ್ನು 5 ವರ್ಷಕ್ಕೆ ಇಳಿಸಿದರು. ಹಾರ್ಮೋನ್ ಮಾತ್ರೆ ಇನ್ನೂ ನುಂಗುತ್ತಿದ್ದರೂ ಲೆಕ್ಕ ನಿಲ್ಲುವುದಿಲ್ಲ. ಆಪರೇಷನ್, ರೇಡಿಯೇಷನ್, ಕೀಮೋ ಮುಗಿದ ದಿನದಿಂದಲೇ ಅದು ಶುರು.