ನಾನೂರು ಪಟ್ಟು ಹಿಗ್ಗಿಸಿದರೂ ಕಾಣದ್ದೇಕೆ?

ಈರುಳ್ಳಿಯ ಒಂದು ಪದರ ಮುರಿದು, ಅದರ ಒಳಮೈಗೆ ಅಂಟಿಕೊಂಡ ಪೊರೆಯನ್ನು ಚಿಮುಟದಿಂದ ಸುಲಿದರೆ ಸೂಕ್ಷ್ಮದರ್ಶಕಕ್ಕೆ ಹೇಳಿ ಮಾಡಿಸಿದ ವಸ್ತು ಸಿಗುತ್ತದೆ. ಒಂದೇ ಸಾಲಿನ ಜೀವಕೋಶಗಳು, ಬಣ್ಣವಿಲ್ಲ, ಬೆಳಕು ಅಡ್ಡಿಯಿಲ್ಲದೆ ಹಾಯುತ್ತದೆ. ತೊಂದರೆ ಇರುವುದೂ ಅಲ್ಲೇ. ನೀರಿನಷ್ಟೇ ತಿಳಿಯಾದ ಕೋಶವನ್ನು ಎಷ್ಟು ಹಿಗ್ಗಿಸಿದರೂ ಅದು ತಿಳಿಯಾಗಿಯೇ ಉಳಿಯುತ್ತದೆ.

ಅರ್ಧ ಸೆಂ.ಮೀ. ಚೂರು ಸಾಕು. ಸ್ಲೈಡಿನ (ಗಾಜಿನ ಪಟ್ಟಿಯ) ಮೇಲೆ ಒಂದು ಹನಿ ನೀರು ಬಿಟ್ಟು ಪೊರೆಯನ್ನು ಮಡಿಕೆ ಬೀಳದಂತೆ ಹಾಸಿ. ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್ ಸ್ಲಿಪ್‌ನ ಒಂದು ಅಂಚನ್ನು ನೀರಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಿ. ದೊಪ್ಪನೆ ಬಿಟ್ಟರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ದಪ್ಪ ಕಪ್ಪು ಅಂಚಿನ ಆ ದುಂಡು ಗುಳ್ಳೆಯನ್ನೇ ಜೀವಕೋಶವೆಂದು ಚಿತ್ರ ಬರೆದುಕೊಂಡವರು ಕಡಿಮೆಯೇನಿಲ್ಲ!

ಈಗ ಬಣ್ಣ. ಕವರ್ ಸ್ಲಿಪ್‌ನ ಒಂದು ಬದಿಗೆ ಅಯೋಡಿನ್ ದ್ರಾವಣದ ಹನಿ ಹಾಕಿ, ಎದುರು ಬದಿಗೆ ಬ್ಲಾಟಿಂಗ್ ಪೇಪರ್ ಹಿಡಿಯಿರಿ. ಕಾಗದ ನೀರು ಹೀರಿದಂತೆ ಅಯೋಡಿನ್ ಗಾಜಿನಡಿ ಹರಿಯುತ್ತದೆ. ಒಂದೆರಡು ನಿಮಿಷಕ್ಕೆ ಕೋಶಕೇಂದ್ರ ಕಂದುಹಳದಿಯಾಗಿ ಎದ್ದು ಕಾಣುತ್ತದೆ. ಆದರೆ ಅಯೋಡಿನ್ ಕೋಶವನ್ನು ಕೊಲ್ಲುತ್ತದೆ. ಕೋಶರಸ ಹರಿದಾಡುವುದನ್ನು ನೋಡಬೇಕಿದ್ದರೆ ಬರಿ ನೀರೇ ಸರಿ.

ಆಗ ನೆರವಿಗೆ ಬರುವುದು ಸ್ಲೈಡ್ ಇಡುವ ವೇದಿಕೆಯ ಕೆಳಗಿನ ಡಯಾಫ್ರಮ್, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಭಾಗ. ಇದರ ಹಿಡಿಯನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಅದನ್ನು ಸ್ವಲ್ಪ ಮುಚ್ಚಿದರೆ ಬೆಳಕಿನ ಕಿರಣಗಳು ಅಗಲ ಶಂಕುವಾಗಿ ಬಾರದೆ ಕಿರಿದಾಗಿ ಬರುತ್ತವೆ, ಕೋಶಭಿತ್ತಿಯ ಗೆರೆ ಗಾಢವಾಗುತ್ತದೆ. ಹಾಗೆಂದು ಪೂರ್ತಿ ಮುಚ್ಚಿದರೆ ಸೂಕ್ಷ್ಮ ವಿವರವೇ ಮಸುಕಾಗುತ್ತದೆ.

ಮೊದಲು 4ರ (ನಾಲ್ಕು ಪಟ್ಟು ಹಿಗ್ಗಿಸುವ) ಮಸೂರದಲ್ಲಿ ಹುಡುಕಿ, ಬೇಕಾದ ಕೋಶವನ್ನು ನಡುವಿಗೆ ತಂದು, ಆಮೇಲೆ 10, 40. 4ರಲ್ಲಿ ಸುಮಾರು 4.5 ಮಿ.ಮೀ. ಅಗಲ ಕಂಡರೆ 40ರಲ್ಲಿ ಕಾಣುವುದು 0.45 ಮಿ.ಮೀ. ಮಾತ್ರ; ಅಂಚಿನಲ್ಲಿದ್ದದ್ದು ಮಾಯ. 40ರ ಮಸೂರಕ್ಕೂ ಗಾಜಿಗೂ ನಡುವೆ ಸುಮಾರು ಅರ್ಧ ಮಿ.ಮೀ. ಜಾಗವಷ್ಟೇ ಇರುವುದರಿಂದ ಅಲ್ಲಿ ಫೋಕಸ್ ಮಾಡುವ ದೊಡ್ಡ ತಿರುಗುಣಿ ಮುಟ್ಟಕೂಡದು. ಕವರ್ ಸ್ಲಿಪ್ ಒಡೆಯುವುದು ಹೆಚ್ಚಾಗಿ ಹೀಗೆಯೇ.

40ರ ಮಸೂರ, 10ರ ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಸೇರಿ 400 ಪಟ್ಟು. ಇನ್ನಷ್ಟು ದೊಡ್ಡದಾಗಿ ಕಾಣಲೆಂದು 10ರ ಐಪೀಸ್ ತೆಗೆದು 20ರದ್ದು ಹಾಕಿದರೆ 800 ಪಟ್ಟು ಸಿಗುತ್ತದೆ, ನಿಜ. ಆದರೆ 40ರ ಸಾಮಾನ್ಯ ಮಸೂರ ಬೇರ್ಪಡಿಸಿ ತೋರಿಸಬಲ್ಲದ್ದು ಸುಮಾರು ಅರ್ಧ ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಅಂತರದ ಎರಡು ಚುಕ್ಕೆಗಳನ್ನು. ಅದಕ್ಕಿಂತ ಹತ್ತಿರವಿದ್ದವು ಒಂದೇ ಕಲೆಯಾಗಿ ಕಾಣುತ್ತವೆ. ಐಪೀಸ್ ಆ ಕಲೆಯನ್ನೇ ಹಿಗ್ಗಿಸುತ್ತದೆ.

ಬ್ಯಾಕ್ಟೀರಿಯಾಗಳನ್ನು ಸ್ಪಷ್ಟವಾಗಿ ನೋಡಲು 100ರ ಮಸೂರ, ಜೊತೆಗೆ ಅದರ ತುದಿಗೂ ಗಾಜಿಗೂ ನಡುವೆ ಒಂದು ಹನಿ ಇಮ್ಮರ್ಶನ್ ಎಣ್ಣೆ ಬೇಕು. ಈ ಎಣ್ಣೆಯ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.515, ಗಾಜಿನದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಬೆಳಕು ನಡುದಾರಿಯಲ್ಲಿ ಬಾಗಿ ಚದುರದೆ ಮಸೂರ ಸೇರುತ್ತದೆ. ಕೊಬ್ಬರಿ ಎಣ್ಣೆಯದು 1.45ರ ಆಸುಪಾಸು, ಬದಲಿಗೆ ಸಲ್ಲದು. ಕೆಲಸ ಮುಗಿದೊಡನೆ ಲೆನ್ಸ್ ಪೇಪರಿನಿಂದ ಎಣ್ಣೆ ಒರೆಸಿ, ಅಂಗಿಯ ಚುಂಗಿನಿಂದಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮಸೂರಕ್ಕೆ ಬೂಸ್ಟು ಹಿಡಿಯುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ತೇವ ಹೀರಿದ ಹರಳುಗಳನ್ನು ಆಗಾಗ ಕಾಯಿಸಿ ಒಣಗಿಸುತ್ತಿರಬೇಕು.