ಸ್ಯಾಂಪಲಿಂಗ್: ಭಾಗದಿಂದ ಇಡಿಯನ್ನು ಅಳೆಯುವ ಬಗೆ

ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಪರೀಕ್ಷೆಗೆಂದು ತೆಗೆಯುವುದು ಕೆಲವೇ ಮಿಲಿಲೀಟರ್. ಆದರೂ ಅದರಲ್ಲಿ ಕಂಡ ಸಕ್ಕರೆಯ ಪ್ರಮಾಣವನ್ನು ಇಡೀ ರಕ್ತದ ಪ್ರಮಾಣವೆಂದೇ ವೈದ್ಯರು ತೆಗೆದುಕೊಳ್ಳುತ್ತಾರೆ. ಹೀಗೆ ಒಂದು ಭಾಗವನ್ನು ಅಳೆದು ಇಡಿಯ ಬಗ್ಗೆ ಅಂದಾಜು ಕಟ್ಟುವುದೇ ಸ್ಯಾಂಪಲಿಂಗ್. ಸಂಖ್ಯಾಶಾಸ್ತ್ರದಲ್ಲಿ ಆ ಇಡಿಗೆ ಸಮಷ್ಟಿ ಎಂದೂ ಆಯ್ದ ಭಾಗಕ್ಕೆ ಮಾದರಿ ಎಂದೂ ಹೆಸರು.

ರಕ್ತದ ವಿಷಯದಲ್ಲಿ ಕೆಲಸ ಸುಲಭ. ಹೃದಯ ಅದನ್ನು ಸದಾ ಕಲಕುತ್ತಿರುವುದರಿಂದ ಎಲ್ಲಿಂದ ತೆಗೆದರೂ ಹೆಚ್ಚುಕಡಿಮೆ ಒಂದೇ. ಕೆರೆ ಹಾಗಲ್ಲ. ಮೇಲ್ಪದರದ ನೀರಿನಲ್ಲಿರುವಷ್ಟು ಆಮ್ಲಜನಕ ತಳದಲ್ಲಿ ಇರಲಿಕ್ಕಿಲ್ಲ. ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಆಳದಲ್ಲಿ ಬಾಟಲಿ ತುಂಬಿಸಬೇಕು. ಜನರ ವಿಷಯವಂತೂ ಇನ್ನೂ ಕಷ್ಟ. ರಸ್ತೆಯಲ್ಲಿ ನಿಂತು ಸಿಕ್ಕಸಿಕ್ಕವರನ್ನು ಕೇಳಿದರೆ ಆ ಹೊತ್ತಿಗೆ ಹೊರಗೆ ಓಡಾಡುವವರಷ್ಟೇ ಸಿಗುತ್ತಾರೆ. ಅದಕ್ಕೇ ಚೀಟಿ ಎತ್ತುವ ದಾರಿ: ಸಮಷ್ಟಿಯ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಸಮನಾಗಿರುವಂತೆ ನೋಡಿಕೊಳ್ಳುವುದು. ಇದು ಯಾದೃಚ್ಛಿಕ ಆಯ್ಕೆ.

ಮಾದರಿ ದೊಡ್ಡದಿದ್ದರೆ ಸಾಕು ಎಂಬ ನಂಬಿಕೆ ಇವತ್ತಿಗೂ ಗಟ್ಟಿಯಾಗಿದೆ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯನ್ನು ನೋಡಿ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳುವ ಅಣಕು ಮತಪತ್ರವನ್ನು ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಬರೆಯಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ! ವಿಳಾಸಗಳನ್ನು ಹೆಕ್ಕಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಇಟ್ಟುಕೊಂಡವರು ಬಹುಮಟ್ಟಿಗೆ ಉಳ್ಳವರು. ಮೇಲಾಗಿ ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ. ಅವರ ಒಲವು ಉತ್ತರಿಸಿದವರಂತಿರಲಿಲ್ಲ. ಅದೇ ಚುನಾವಣೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ಸುಮಾರು 50,000 ಮಂದಿಯನ್ನಷ್ಟೇ ಕೇಳಿ ರೂಸ್‌ವೆಲ್ಟ್ ಗೆಲುವನ್ನು ಸರಿಯಾಗಿ ಹೇಳಿದ್ದರು.

ಹಾಗೆಂದು ಗಾತ್ರವನ್ನು ಕಡೆಗಣಿಸುವಂತಿಲ್ಲ. ಸರಿಯಾಗಿ ಚೀಟಿ ಎತ್ತಿ ಆಯ್ದ 1,000 ಜನರಲ್ಲಿ ಅರ್ಧದಷ್ಟು ಮಂದಿ ‘ಹೌದು’ ಎಂದರೆ, ಸಮಷ್ಟಿಯಲ್ಲಿ ಆ ಪ್ರಮಾಣ ಸುಮಾರು ಶೇ. 47ರಿಂದ 53ರೊಳಗೆ ಇದೆಯೆಂದು ಶೇ. 95ರಷ್ಟು ವಿಶ್ವಾಸದಿಂದ ಹೇಳಬಹುದು. ಈ ಅಂತರ ಅರ್ಧಕ್ಕಿಳಿಯಬೇಕಾದರೆ ಮಾದರಿ ನಾಲ್ಕು ಪಟ್ಟಾಗಬೇಕು. ನನಗೆ ಈಗಲೂ ಸೋಜಿಗವೆನಿಸುವ ಸಂಗತಿಯೆಂದರೆ, ಸಮಷ್ಟಿಯಲ್ಲಿ 10 ಲಕ್ಷ ಜನರಿರಲಿ, 100 ಕೋಟಿ ಇರಲಿ, ಆ 1,000 ಮಂದಿಯಿಂದ ಸಿಗುವ ನಿಖರತೆ ಬಹುತೇಕ ಒಂದೇ. ಆದರೆ ವರದಿಗಳಲ್ಲಿ ಕಾಣುವ ‘ಶೇ. 3 ಆಚೀಚೆ’ ಎಂಬ ಮಾತು ಚೀಟಿ ಎತ್ತುವಾಗಿನ ಆಕಸ್ಮಿಕ ಏರುಪೇರನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತದೆ. ಪಟ್ಟಿಯಿಂದಲೇ ಬಿಟ್ಟುಹೋದವರು ಅದರಲ್ಲಿ ಸೇರಿರುವುದಿಲ್ಲ.