ಸ್ಯಾನ್ ಹುವಾನ್‌ನಲ್ಲಿ ಒಂದೇ ಕೋಟೆ ನೋಡುವುದಾದರೆ ಯಾವುದು?

ಪ್ರಶ್ನೆ: ನಮ್ಮ ಕ್ರೂಸ್ ಹಡಗು ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಲ್ಲಿ ಅರ್ಧ ದಿನ ಮಾತ್ರ ನಿಲ್ಲುತ್ತದೆ. ಜೊತೆಗೆ ಅಪ್ಪ ಅಮ್ಮ ಇದ್ದಾರೆ. ಅಲ್ಲಿ ಎರಡು ದೊಡ್ಡ ಕೋಟೆಗಳಿವೆಯಂತೆ. ಎಲ್ ಮೊರೊಗೆ ಹೋಗುವುದೋ, ಸ್ಯಾನ್ ಕ್ರಿಸ್ಟೋಬಲ್‌ಗೆ ಹೋಗುವುದೋ?

ಉತ್ತರ: ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಎಲ್ ಮೊರೊ ಎನ್ನುತ್ತಾರೆ. ನಾನು ಸ್ಯಾನ್ ಕ್ರಿಸ್ಟೋಬಲ್ ಎನ್ನುತ್ತೇನೆ.

ಎಲ್ ಮೊರೊ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಬಂದರಿನ ಬಾಯಲ್ಲಿ, ಬಂಡೆಯ ತುದಿಯಲ್ಲಿ, ಆರು ಅಂತಸ್ತಾಗಿ ಸಮುದ್ರಕ್ಕೆ ಇಳಿದಿರುವ ಕೋಟೆ ಅದು. ಸ್ಪೇನಿನವರು ಕೆಲಸ ಶುರುಮಾಡಿದ್ದು 1539ರಲ್ಲಿ. ಮೆಕ್ಸಿಕೋದಿಂದ ಬರುತ್ತಿದ್ದ ಬೆಳ್ಳಿ ಅದರ ಖರ್ಚಿಗೆ ಸುರಿಯಿತು. 1595ರಲ್ಲಿ ಇಂಗ್ಲೆಂಡಿನ ನೌಕಾದಳಪತಿ ಫ್ರಾನ್ಸಿಸ್ ಡ್ರೇಕ್ ದಂಡೆತ್ತಿ ಬಂದಾಗ ತೀರದ ತೋಪಿನ ಗುಂಡೊಂದು ಅವನ ಹಡಗಿನ ಕೋಣೆಗೇ ನುಗ್ಗಿ, ಅವನು ಕೂತಿದ್ದ ಸ್ಟೂಲನ್ನು ಹಾರಿಸಿತು. ಅವನು ಸೋತು ಹೋದ.

ಆದರೆ ಈ ಕೋಟೆ ಕಣ್ಣಿಟ್ಟಿದ್ದು ಸಮುದ್ರದ ಕಡೆಗೆ, ಅದರ ಬೆನ್ನು ಬರಿದಾಗಿತ್ತು. ಮೂರೇ ವರ್ಷದಲ್ಲಿ, 1598ರಲ್ಲಿ, ಇಂಗ್ಲೆಂಡಿನ ಸರದಾರ, ಕಂಬರ್ಲೆಂಡ್‌ನ ಅರ್ಲ್ ಜಾರ್ಜ್ ಕ್ಲಿಫರ್ಡ್ ಊರಿನ ಪೂರ್ವಕ್ಕೆ ಇಳಿದು, ನೆಲದ ದಾರಿಯಲ್ಲಿ ಬಂದು ಎಲ್ ಮೊರೊವನ್ನು ಹಿಡಿದೇಬಿಟ್ಟ. ಅವನನ್ನು ಅಲ್ಲಿಂದ ಎಬ್ಬಿಸಿದ್ದು ಸ್ಪೇನಿನ ಸೈನ್ಯವಲ್ಲ, ರಕ್ತಭೇದಿ. 1625ರಲ್ಲಿ ಡಚ್ಚರು ಕೋಟೆಯನ್ನು ಗೆಲ್ಲಲಾಗದಿದ್ದರೂ ಊರಿಗೆ ಬೆಂಕಿಯಿಟ್ಟು ಹೋದರು.

ಸ್ಯಾನ್ ಕ್ರಿಸ್ಟೋಬಲ್ ಹುಟ್ಟಿದ್ದು ಈ ಪಾಠದಿಂದ. ಅದು ಊರಿನ ಪೂರ್ವದಲ್ಲಿ, ನೆಲದ ಕಡೆಗೆ ಮುಖಮಾಡಿ ನಿಂತಿದೆ. ಕೆಲಸ ಆರಂಭವಾಗಿದ್ದು 1634ರಲ್ಲಿ. ಆದರೆ 1762ರಲ್ಲಿ ಬ್ರಿಟಿಷರು ಸ್ಪೇನಿನ ಕೈಯಲ್ಲಿದ್ದ ಕ್ಯೂಬಾದ ಹವಾನಾವನ್ನೇ ಕಿತ್ತುಕೊಂಡ ಮೇಲೆ ಸ್ಪೇನಿನ ದೊರೆಗೆ ನಡುಕ ಹುಟ್ಟಿತು. 1765ರಲ್ಲಿ ಅಲೆಹಾಂದ್ರೊ ಒರೈಲಿ ಬಂದು ತಪಾಸಣೆ ಮಾಡಿದ, ಎಂಜಿನಿಯರ್ ತೋಮಾಸ್ ಒಡೇಲಿ ಕೋಟೆಯನ್ನು ಹಿಗ್ಗಿಸಿದ. ಇಬ್ಬರೂ ಸ್ಪೇನಿನ ಚಾಕರಿಯಲ್ಲಿದ್ದ ಐರಿಷರು! ಕೊನೆಗೆ ಸುಮಾರು 27 ಎಕರೆಗೆ ಹರಡಿದ ಇದು, ಅಮೆರಿಕ ಖಂಡಗಳಲ್ಲಿ ಸ್ಪೇನ್ ಕಟ್ಟಿದ ಅತಿ ದೊಡ್ಡ ಕೋಟೆಯಾಯಿತು. ಒಂದು ಗೋಡೆ ಬಿದ್ದರೆ ಅದರ ಹಿಂದೆ ಅದಕ್ಕಿಂತ ಎತ್ತರದ ಇನ್ನೊಂದು, ನಡುವೆ ಕಂದಕ, ಒಳಗೊಳಗೇ ಸುರಂಗ. ಮೇಲಿನ ಅಂಗಳದಲ್ಲಿ ಬಿದ್ದ ಮಳೆನೀರು ಕೆಳಗಿನ ಐದು ದೊಡ್ಡ ತೊಟ್ಟಿಗಳಿಗೆ ಇಳಿಯುತ್ತಿತ್ತು, ಮುತ್ತಿಗೆಯ ಕಾಲದಲ್ಲಿ ಅದೇ ಜೀವಜಲ. ಕತ್ತಲೆಕೋಣೆಯ ಗೋಡೆಯಲ್ಲಿ ಯಾರೋ ಕೈದಿ ಗೀಚಿದ ಹಡಗುಗಳ ಚಿತ್ರಗಳಿವೆ, ತಪ್ಪದೆ ನೋಡಿ.

1797ರಲ್ಲಿ ಬ್ರಿಟಿಷ್ ಸೇನಾನಿ ರಾಲ್ಫ್ ಅಬರ್‌ಕ್ರೋಂಬಿ ಟ್ರಿನಿಡಾಡ್ ಗೆದ್ದ ಹುಮ್ಮಸ್ಸಿನಲ್ಲಿ ಇಲ್ಲಿಗೂ ಬಂದ. ಊರಿನ ಹೊರಗಿನ ಸೇತುವೆಯ ಕಾವಲನ್ನೇ ದಾಟಲಾಗದೆ ಸುಮಾರು ಎರಡು ವಾರದಲ್ಲಿ ಹಡಗು ಹತ್ತಿದ. ನಮಗೆ ಈ ಹೆಸರು ಹೊಸದಲ್ಲ: 1792ರಲ್ಲಿ ಬೊಂಬಾಯಿ ಸೈನ್ಯವನ್ನು ಕೊಡಗಿನ ಮೂಲಕ ಶ್ರೀರಂಗಪಟ್ಟಣಕ್ಕೆ ತಂದ ರಾಬರ್ಟ್ ಅಬರ್‌ಕ್ರೋಂಬಿ ಇವನ ತಮ್ಮ.

ಇನ್ನು ನಿಮ್ಮ ಅಪ್ಪ ಅಮ್ಮನ ವಿಚಾರ. ಎಲ್ ಮೊರೊ ಬಾಗಿಲಿಗೆ ಹೋಗಲು ನೆರಳೇ ಇಲ್ಲದ ಉದ್ದನೆಯ ಹುಲ್ಲುಮೈದಾನ ದಾಟಬೇಕು. ಗಾಳಿಪಟ ಹಾರಿಸುವ ಮಕ್ಕಳಿಗೆ ಅದು ಸ್ವರ್ಗ, ಮಂಡಿನೋವಿನವರಿಗೆ ಅಲ್ಲ. ಸ್ಯಾನ್ ಕ್ರಿಸ್ಟೋಬಲ್ ಇರುವುದು ಕೊಲೊನ್ ಚೌಕದ ಪಕ್ಕದಲ್ಲೇ, ಹಡಗುಕಟ್ಟೆಗೂ ಹತ್ತಿರ. ಒಳಗೆ ಏರುದಾರಿ, ಮೆಟ್ಟಿಲುಗಳಿವೆ, ಆದ್ದರಿಂದ ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ, ನೀರಿನ ಬಾಟಲಿ ಮರೆಯಬೇಡಿ. ಅಮೆರಿಕದ ನ್ಯಾಷನಲ್ ಪಾರ್ಕ್ ಇಲಾಖೆಯ ಆಡಳಿತದಲ್ಲಿರುವ ಈ ಎರಡು ಕೋಟೆಗಳಿಗೂ ಒಂದೇ ಟಿಕೆಟ್. ಬೇಗ ಮುಗಿದರೆ ಅದೇ ಟಿಕೆಟ್ ಹಿಡಿದು, ಟ್ಯಾಕ್ಸಿಯಲ್ಲಿ ಎಲ್ ಮೊರೊ ಮೈದಾನದ ಅಂಚಿನವರೆಗೆ ಹೋಗಿ. ಅಪ್ಪ ಅಮ್ಮ ಅಲ್ಲೇ ಕೂತಿರಲಿ, ನೀವು ಒಂದು ಸುತ್ತು ಹಾಕಿ ಬನ್ನಿ.